ಕಂಡಕ್ಟರ್ ಕಾಂತರಾಜ್ ಆಕ್ಟಿಂಗ್ ಮಾಡಿದ್ದಲ್ಲ

ನನ್ನ ಗಂಡ ಬಸ್ಸಿನಲ್ಲಿ ಸತ್ತರು. ಸೀಟು ತುಂಬಿ, ನಿಲ್ಲಲೂ ಜಾಗ ಇರಲಿಲ್ಲ, ಅಷ್ಟು ಜನ. ಎಲ್ಲರೂ ನೋಡಿದರು. ನೋಡಿ ಚಪ್ಪಾಳೆ ತಟ್ಟಿದರು.

ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಅವರು ಯಾರು, ಹೇಗಿದ್ದರು ಅಂತ ಹೇಳುತ್ತೇನೆ. ಯಾಕೆಂದರೆ ಫೋನಿನಲ್ಲಿ ಅವರನ್ನು ನೋಡಿದವರು ಲೆಕ್ಕವಿಲ್ಲದಷ್ಟು ಜನ. ಒಬ್ಬರಿಗೂ ಅವರ ಹೆಸರು ಬೇಕಾಗಲಿಲ್ಲ. 'ಸಾಯೋ ಕಂಡಕ್ಟರ್' ಅಂತ ಬರೆದು ಪಕ್ಕದಲ್ಲಿ ನಗುವ ಮುಖ ಹಾಕಿದ್ದಾರೆ. ಅವರಿಗೆ ಹೆಸರಿದೆ. ಕಾಂತರಾಜ್.

ಹುಟ್ಟಿದ್ದು ಅರಳಸುರಳಿ ಹತ್ತಿರ. ಅಪ್ಪ ಗೇಣಿ ಮಾಡುತ್ತಿದ್ದವರು. ಉಳುವವನೇ ಒಡೆಯ ಅನ್ನುವ ಕಾನೂನು ಬಂದ ಮೇಲೆ ಗದ್ದೆ ಸ್ವಂತದ್ದಾಯಿತು. ಆದರೆ ಗದ್ದೆ ಸಣ್ಣದು, ಅಣ್ಣತಮ್ಮಂದಿರು ಜಾಸ್ತಿ. ಇವರು ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಫೇಲಾದರು. ರಿಸಲ್ಟ್ ಬಂದ ಮರುದಿನ ತೀರ್ಥಹಳ್ಳಿಗೆ ಹೋಗಿ ಬಸ್ಸಿನ ಕ್ಲೀನರ್ ಆದರು. ಆಮೇಲೆ ಕಂಡಕ್ಟರ್. "ಗಣಿತದಲ್ಲಿ ಫೇಲಾದೋನಿಗೆ ದುಡ್ಡಿನ ಚೀಲ ಕೊಟ್ಟಿದಾರೆ ನೋಡು" ಅಂತ ಅವರೇ ನಗುತ್ತಿದ್ದರು.

ದೇವರಂಥ ಮನುಷ್ಯ ಅಂತ ನಾನು ಬರೆಯುವುದಿಲ್ಲ. ಸಿಟ್ಟು ಬಂದರೆ ಚಪ್ಪಲಿ ಎಸೆಯುತ್ತಿದ್ದರು. ನನಗಲ್ಲ, ಗೋಡೆಗೆ. ಬದನೆಕಾಯಿ ಮಾಡಿದ ದಿನ ತಟ್ಟೆ ಮುಟ್ಟುತ್ತಿರಲಿಲ್ಲ. ನನ್ನ ತವರಿಗೆ ಬಂದರೆ ಮೂಲೆಯಲ್ಲಿ ಕೂತು ಒಂದು ಮಾತಾಡುತ್ತಿರಲಿಲ್ಲ. ಬಸ್ಸು ಹತ್ತಿದರೆ ಮಾತ್ರ ಬೇರೆ ಮನುಷ್ಯ. ಸಣ್ಣ ಆಳು, ದೊಡ್ಡ ದನಿ. ವಯಸ್ಸಾದವರು ನಿಂತಿದ್ದು ಕಂಡರೆ ಕೂತ ಹುಡುಗರ ಕಿವಿ ಹಿಂಡುವವರು. ಟಿಕೆಟ್ ಮಿಷನ್ನನ್ನು ಕರ್ಚೀಫಿನಲ್ಲಿ ಒರೆಸಿ ಒರೆಸಿ ಇಡುವವರು. ಮಗುವಿನ ಮೂಗು ಒರೆಸಿದ ಹಾಗೆ. ನಮಗೆ ಮಕ್ಕಳಿಲ್ಲ. ಅದನ್ನು ಇಲ್ಲಿ ಬರೆದು ಮುಗಿಸಿದೆ.

ನಾನು ನಾಲ್ಕನೇ ಕ್ಲಾಸಿಗೆ ಬಿಟ್ಟವಳು. ಹೊಸನಗರದಲ್ಲಿ ಸ್ಕೂಲಿನ ಬಿಸಿಯೂಟದ ಅಡುಗೆ ಮಾಡುತ್ತೇನೆ. ಹೆಸರು ಗುತ್ಯಮ್ಮ. ಓದುತ್ತೇನೆ, ಆದರೆ ಬೆರಳಿಟ್ಟು ಓದಬೇಕು. ದಪ್ಪ ಪುಸ್ತಕ ನನ್ನಿಂದ ಆಗುವುದಿಲ್ಲ.

ದಪ್ಪ ಪುಸ್ತಕ ನಮ್ಮ ಮನೆಗೆ ಬಂದದ್ದು ಬಸ್ಸಿನಿಂದ. ಯಾರೋ ಸೀಟಿನ ಕೆಳಗೆ ಬಿಟ್ಟು ಇಳಿದಿದ್ದರು. ಇವರು ವಾರಗಟ್ಟಲೆ ಬಸ್ಸಿನಲ್ಲಿ ಎತ್ತಿ ತೋರಿಸಿ ಕೇಳಿದರು. ನಮ್ಮದು ಅಂತ ಯಾರೂ ಬರಲಿಲ್ಲ. ಮನೆಗೆ ತಂದು ಓದಿದರು. 'ಕರಿಗಲ್ಲಕೋಟೆ' ಅಂತ ಹೆಸರು. ರಾಜ, ಕೋಟೆ, ಹಾರುವ ಮೃಗ, ಇಲ್ಲದ ಒಂದು ದೇಶದ ಕಥೆ. ಐದು ಭಾಗ ಇದೆಯಂತೆ. ಉಳಿದದ್ದನ್ನು ಶಿವಮೊಗ್ಗದಿಂದ ತರಿಸಿಕೊಂಡರು. ಸೀರೆ ತರಲು ಹೇಳಿದರೆ ಮರೆಯುವ ಮನುಷ್ಯ, ಪುಸ್ತಕ ಮರೆಯಲಿಲ್ಲ.

ಸಂಜೆ ನಾನು ರೊಟ್ಟಿ ತಟ್ಟುವಾಗ ಒಲೆಯ ಪಕ್ಕ ಕೂತು ದೊಡ್ಡದಾಗಿ ಓದುತ್ತಿದ್ದರು. ಐದೂ ಭಾಗ ನಾನು ಕಿವಿಯಲ್ಲಿ ಓದಿದ್ದೇನೆ. ಕೋಟೆ ಬಾಗಿಲು ಕಾಯುವ ಕೇತಯ್ಯ. ಅಪ್ಪ ಅಮ್ಮ ಇಲ್ಲದ ರಾಣಿ ಸೋಮಲೆ, ಇನ್ನೂ ಮಗು. ಅವಳನ್ನು ಹೆಗಲ ಮೇಲೆ ಹೊತ್ತು ಸಾಕಿದವನು ಕೇತಯ್ಯ. ಕೇತಯ್ಯನ ತಮ್ಮ ಸಿಂಗಯ್ಯ. ಶತ್ರುಗಳು ಬಂದಾಗ ಅಣ್ಣ ಹೊರಗಿರುವಾಗಲೇ ಒಳಗಿಂದ ಬಾಗಿಲು ಹಾಕಿಕೊಳ್ಳುವವನು. ಕೇತಯ್ಯ ಬಾಗಿಲ ಹೊರಗೇ ಸಾಯುತ್ತಾನೆ. ಅದನ್ನು ಓದಿದ ಸಂಜೆ ಇವರು ರೊಟ್ಟಿ ಮುಟ್ಟಲಿಲ್ಲ.

"ಬದನೆಕಾಯಿ ಮಾಡಿಲ್ಲ, ತಿನ್ನಿ" ಅಂದೆ.

"ಸುಮ್ನಿರೆ. ಕೇತಯ್ಯ ಹೋದ."

"ಹೋದ್ರೆ ಹೋದ. ನೀವ್ಯಾಕೆ ಉಪವಾಸ?"

"ಯಾರಿಗೂ ಹೇಳ್ಬೇಡ ಮಾರಾಯ್ತಿ. ಓದೋರು ಓದ್ಲಿ, ಅವ್ರಿಗೂ ಹಿಂಗೇ ಆಗ್ಲಿ."

"ನಾನ್ಯಾರಿಗೆ ಹೇಳ್ಲಿ? ಸ್ಕೂಲಿನ ಸಾಂಬಾರ್ ಪಾತ್ರೆಗಾ?"

ಆಮೇಲೆ ಅದು ಟಿವಿಗೆ ಬಂತು. ವಾರಕ್ಕೊಂದು ದಿನ, ದೊಡ್ಡ ಸೀರಿಯಲ್. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಕಡೆ ಅದೇ ಮಾತು. ಕೇತಯ್ಯನ ಮೀಸೆ ನೋಡಿ ಹುಡುಗರು ಮೀಸೆ ಬಿಟ್ಟರು.

ನಮ್ಮ ಕಡೆ ಕರೆಂಟು ಹೋದರೆ ಯಾವಾಗ ಬರುತ್ತದೆ ಅಂತ ಯಾರೂ ಕೇಳುವುದಿಲ್ಲ. ಹಳ್ಳಿ ಕಡೆಯವರಿಗೆ ಎಷ್ಟೋ ಸಲ ಸೀರಿಯಲ್ ತಪ್ಪುತ್ತಿತ್ತು. ಮರುದಿನ ಬೆಳಿಗ್ಗೆ ಹೊಸನಗರದಿಂದ ಸಾಗರಕ್ಕೆ ಹೋಗುವ ನಮ್ಮವರ ಬಸ್ಸಿಗೆ ಅವರೆಲ್ಲ ಕಾಯುತ್ತಿದ್ದರು. ಆಫೀಸಿನವರು, ಕಾಲೇಜಿನ ಮಕ್ಕಳು. ಬೇರೆ ಬಸ್ಸು ಖಾಲಿ ಬಂದರೂ ಹತ್ತುತ್ತಿರಲಿಲ್ಲ. ಟಿಕೆಟ್ ಕೊಟ್ಟು ಮುಗಿಸಿ ಇವರು ಮುಂದಿನ ಬಾಗಿಲಿಗೆ ಒರಗಿ ನಿಂತು ಕಥೆ ಹೇಳುವವರು. ನಮ್ಮ ಮನೆಯಲ್ಲೂ ಕರೆಂಟು ಇಲ್ಲದಿದ್ದರೆ ತೀರ್ಥಹಳ್ಳಿಯ ಯಾರಿಗೋ ಫೋನು ಮಾಡಿ "ಎಲ್ಲಿಗೆ ನಿಲ್ಸಿದ್ರು?" ಅಂತ ಅಷ್ಟೇ ಕೇಳುವವರು. ಉಳಿದದ್ದು ಪುಸ್ತಕದಿಂದ ಹೇಳುವವರು. ಟಿವಿ ನಿಲ್ಲಿಸಿದ ಜಾಗದಿಂದ ಒಂದು ಹೆಜ್ಜೆ ಮುಂದೆ ಹೋಗುತ್ತಿರಲಿಲ್ಲ. ಅದು ಅವರ ನಿಯಮ.

ಸುಮ್ಮನೆ ಹೇಳುತ್ತಿರಲಿಲ್ಲ, ಆಡಿ ತೋರಿಸುವರು. ಕೇತಯ್ಯನ ಪಾತ್ರ ಇವರದ್ದು. ಸಿಂಗಯ್ಯನ ಪಾತ್ರ ನಾಗರಾಜಪ್ಪನವರದ್ದು. ನಾಗರಾಜಪ್ಪ ಅಂದರೆ ಸಾಗರದಲ್ಲಿ ಕೋರ್ಟಿನ ಎದುರು ಟೈಪಿಂಗ್ ಅಂಗಡಿ ಇಟ್ಟವರು. ಮುಂದಿನ ಬಾಗಿಲ ಪಕ್ಕದ ಸೀಟು ದಿನಾ ಅವರದ್ದೇ. ಇವರು "ಬಾಗಿಲು ತೆಗಿಯೋ ತಮ್ಮಾ" ಅಂದರೆ ಅವರು "ತೆಗೆಯಲ್ಲ ಕಣೋ ಅಣ್ಣಾ" ಅನ್ನುವರು. ಬಸ್ಸು ಬಿದ್ದು ಬಿದ್ದು ನಗುವುದು.

ಮುಂದೇನಾಗುತ್ತದೆ ಅಂತ ಕಾಡದವರಿಲ್ಲ. ಸಾಗರದಲ್ಲಿ ಕೆಲಸ ಮಾಡುವ ವಾಗ್ದೇವಿ ಮೇಡಂ ಡಬ್ಬಿ ತುಂಬಾ ಸಿಹಿ ತೊಡದೇವು ತಂದು ಕೊಟ್ಟು ಕೇಳಿದ್ದರು.

"ಕಾಂತರಾಜ್, ಒಂದೇ ಒಂದು ಹೇಳಿ. ಕೇತಯ್ಯ ಉಳೀತಾನೋ ಇಲ್ವೋ?"

"ಮೇಡಂ, ಟಿಕೆಟ್ ತಗೊಂಡಿದ್ದು ಸಾಗರಕ್ಕೆ. ದಾರೀಲಿ ಬಟ್ಟೆಮಲ್ಲಪ್ಪದಲ್ಲೇ ಸಾಗರ ತೋರ್ಸಿ ಅಂದ್ರೆ ಹ್ಯಾಂಗೆ?"

ತೊಡದೇವು ತಿಂದರು. ಹೇಳಲಿಲ್ಲ. ಡಬ್ಬಿ ತೊಳೆದು ವಾಪಸ್ ಕಳಿಸಿದ್ದು ನಾನು.

ಸತ್ತ ದಿನದ ಹಿಂದಿನ ರಾತ್ರಿ ಕೇತಯ್ಯನ ಎದೆಗೆ ಬಾಣ ಬಿದ್ದಲ್ಲಿಗೆ ಸೀರಿಯಲ್ ನಿಂತಿತ್ತು. ಅಲ್ಲಿಗೆ ನಿಲ್ಲಿಸಿ, ಮುಂದಿನದು ಕೆಲವು ವಾರ ಬಿಟ್ಟು ಅಂತ ಹಾಕಿದ್ದರು. ಬೆಳಿಗ್ಗೆ ಇವರು ಗಂಜಿ ಕುಡಿದು ಹೊರಟರು. ಎಡ ಭುಜ ನೋವು ಅಂದರು. ಚೀಲ ಹಾಕುವ ಭುಜ ಅಲ್ಲವಾ, ನೋವು ಇದ್ದದ್ದೇ ಅಂದುಕೊಂಡೆ. ಮಧ್ಯಾಹ್ನ ಅನ್ನ ಬಸಿಯುತ್ತಿದ್ದಾಗ ಸ್ಕೂಲಿಗೆ ಫೋನು ಬಂತು. ಸಾಗರದ ಆಸ್ಪತ್ರೆಗೆ ತಲುಪುವ ಮೊದಲೇ ಹೋಗಿತ್ತು ಜೀವ.

ಮನೆಗೆ ಬಂದವರೆಲ್ಲ ಒಂದೇ ಮಾತು ಹೇಳಿದರು. ವಾಗ್ದೇವಿ ಮೇಡಂ ನನ್ನ ಕೈ ಹಿಡಿದು ಹೇಳಿದರು. "ಕಥೆ ಹೇಳ್ತಾ ಇದ್ರು ಗುತ್ಯಮ್ಮ. ಹಂಗೇ ಕೂತ್ರು, ಕಣ್ಮುಚ್ಚಿದ್ರು. ಒಂಚೂರೂ ನೋವಾಗ್ಲಿಲ್ಲ. ಅಂಥ ಸಾವು ಯಾರಿಗೆ ಸಿಗುತ್ತೆ?" ಡ್ರೈವರ್ ರಾಜೇಂದ್ರ ತಲೆ ಬಗ್ಗಿಸಿ "ಹೌದು ಅತ್ತಿಗೆ" ಅಂದ.

ನಾನು ನಂಬಿದೆ. ಆ ಮಾತನ್ನು ಇಟ್ಟುಕೊಂಡೇ ಬೆಳಿಗ್ಗೆ ಎದ್ದು ಅಡುಗೆಗೆ ಹೋದೆ. ನೋವಾಗಲಿಲ್ಲವಂತೆ, ನೋವಾಗಲಿಲ್ಲವಂತೆ ಅಂತ ತರಕಾರಿ ಹೆಚ್ಚಿದೆ.

ಆಮೇಲೆ ಸೀರಿಯಲ್ ಮತ್ತೆ ಶುರುವಾಯಿತು. ಕೇತಯ್ಯ ಸತ್ತ.

ಏನು ಅಳು ಅದು! ಪಕ್ಕದ ಮನೆಯವರು ಟಿವಿಗೆ ಬೈದು ರಿಮೋಟ್ ಎಸೆದದ್ದು ನನ್ನ ಅಡುಗೆಮನೆಗೆ ಕೇಳಿಸಿತು. ಮರುದಿನ ಸಾಗರದಲ್ಲಿ ಹುಡುಗರು ಕೇತಯ್ಯನ ಫೋಟೊಗೆ ಹಾರ ಹಾಕಿ ಕೂತಿದ್ದರಂತೆ. ಬರೆದವನಿಗೆ ಬೈದರಂತೆ, ಟಿವಿಯವರಿಗೆ ಬೈದರಂತೆ, ಕೇತಯ್ಯನನ್ನು ಬದುಕಿಸಿ ಅಂತ ಕೂಗಿದರಂತೆ. ತೀರ್ಥಹಳ್ಳಿಯಲ್ಲಿ ಒಬ್ಬ ತಲೆ ಬೋಳಿಸಿಕೊಂಡು ತುಂಗೆಯಲ್ಲಿ ಮುಳುಗಿದ. ಅದರ ಫೋಟೊ ಎಲ್ಲರ ಫೋನಿನಲ್ಲೂ ಬಂತು. ನನ್ನ ಗಂಡ ಸತ್ತಾಗ ಮೈದುನನ ಮಗನಿಗೆ ತಲೆ ಬೋಳಿಸಿಕೋ ಅಂದದ್ದಕ್ಕೆ "ಬೇಕೇ ಬೇಕಾ ದೊಡ್ಡಮ್ಮಾ, ಮುಂದಿನ ವಾರ ಫ್ರೆಂಡಿನ ಮದುವೆ ಇದೆ" ಅಂದಿದ್ದ.

ಸ್ಕೂಲಿನಲ್ಲಿ ನನ್ನ ಜೊತೆ ಅಡುಗೆ ಮಾಡುವವಳು ಸೌಟು ಹಿಡಿದು ಅತ್ತಳು. ಕಣ್ಣೀರು ಸಾಂಬಾರಿಗೆ ಬಿತ್ತು. "ಉಪ್ಪು ಹಾಕಾಗಿದೆ, ಅತ್ಲಾಗೆ ಹೋಗಿ ಅಳು" ಅಂದೆ. ನಾನು ಅತ್ತಾಗ ಇವಳು ಎಲ್ಲಿದ್ದಳು? ಬಂದಿದ್ದಳು. ಚಹಾ ಕುಡಿದು, ಬಸ್ಸು ತಪ್ಪುತ್ತದೆ ಅಂತ ಎದ್ದಿದ್ದಳು.

ಒಂದು ಸಂಜೆ ವಾಗ್ದೇವಿ ಮೇಡಂ ಮಗಳು ತೃಪ್ತಿಯನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ತೃಪ್ತಿ ಸಾಗರದಲ್ಲಿ ಕಾಲೇಜು. ಅವಳೂ ಅದೇ ಬಸ್ಸು. ಮೇಡಂ ಮುಖ ಅರಳಿತ್ತು.

"ಗುತ್ಯಮ್ಮಾ, ನಾವು ಬಸ್ಸಿನೋರೆಲ್ಲ ಸೇರಿ ಒಂದು ಅಭಿಮಾನಿ ಬಳಗ ಮಾಡಿದೀವಿ. ಭಾನುವಾರ ಹೊಸನಗರದಲ್ಲಿ ಕೇತಯ್ಯನಿಗೆ ಶ್ರದ್ಧಾಂಜಲಿ ಸಭೆ. ನಿಮಗೆ ಸನ್ಮಾನ."

"ನನಗ್ಯಾಕೆ?"

"ನಿಮ್ಮ ಯಜಮಾನ್ರು ಎಷ್ಟು ಫೇಮಸ್ ಆಗಿದಾರೆ ಗೊತ್ತಾ? ತೃಪ್ತಿ ತೆಗೆದ ವಿಡಿಯೊ. ಎಲ್ಲಾ ಕಡೆ ಅದೇ."

ತೃಪ್ತಿ ಅಮ್ಮನ ಸೆರಗು ಎಳೆದಳು. ಅವರ ಮನೆಮಾತಿನಲ್ಲಿ ಮೆಲ್ಲಗೆ "ತೋರ್ಸಡ ಅಮ್ಮಾ" ಅಂದಳು. ತೋರಿಸಬೇಡ ಅಂತ. ಮೇಡಂ "ಎಂತೂ ಆಗ್ತಿಲ್ಲೆ, ಸುಮ್ನಿರು" ಅಂದು ಫೋನು ನನ್ನ ಮುಂದೆ ಹಿಡಿದರು.

ನಮ್ಮವರು ಬಾಗಿಲಿಗೆ ಒರಗಿ ನಿಂತಿದ್ದಾರೆ. ಕೇತಯ್ಯನಿಗೆ ಬಾಣ ಬಿದ್ದದ್ದು ಹೇಳುತ್ತಿದ್ದಾರೆ. ಎದೆ ಹಿಡಿದುಕೊಳ್ಳುತ್ತಾರೆ. ಜನ ಓಹೋ ಅನ್ನುತ್ತಾರೆ. ಮತ್ತೆ ಎದೆ ಹಿಡಿದುಕೊಳ್ಳುತ್ತಾರೆ. ಈ ಸಲ ಬೇರೆ ಥರ. ಮೊಣಕಾಲು ಮಡಚಿ ಮೆಟ್ಟಿಲ ಮೇಲೆ ಕೂರುತ್ತಾರೆ. ಕೈಯಲ್ಲಿದ್ದ ಟಿಕೆಟ್ ಮಿಷನ್ ಕೆಳಗೆ ಬೀಳುತ್ತದೆ. ಅದರ ಕಡೆ ನೋಡುವುದಿಲ್ಲ. ಬಾಯಿ ಅಲ್ಲಾಡುತ್ತದೆ. ಏನೋ ಹೇಳುತ್ತಾರೆ. ಪಕ್ಕದಿಂದ ಯಾರೋ ಏನೋ ಅನ್ನುತ್ತಾರೆ. ಎಲ್ಲರೂ ನಗುತ್ತಾರೆ. ಚಪ್ಪಾಳೆ. ಒಬ್ಬ ಶಿಳ್ಳೆ ಹಾಕುತ್ತಾನೆ. ನಮ್ಮವರ ತಲೆ ಬಾಗಿಲಿಗೆ ಒರಗುತ್ತದೆ. ಅಲ್ಲಿಗೆ ವಿಡಿಯೊ ನಿಂತಿತು.

ಮೇಲೆ ಬರೆದಿದ್ದರು: 'ಕೇತಯ್ಯ ಸಾಯೋದು ಮೊದಲೇ ಹೇಳಿಬಿಟ್ಟ ಕಂಡಕ್ಟರ್.' ನಾನು ಬೆರಳಿಟ್ಟು ಓದಿದೆ. ಕೆಳಗೆ ಜನ ಬರೆದದ್ದನ್ನೂ ಓದಿದೆ. 'ಏನ್ ಆಕ್ಟಿಂಗ್ ಗುರೂ.' 'ಇವನಿಗೆ ಒಂದು ಅವಾರ್ಡ್ ಕೊಡಿ.' 'ಮುಂಚೇನೇ ಹೇಳಿದನಲ್ಲ, ಮುಠ್ಠಾಳ.'

"ಇನ್ನೊಂದ್ಸಲ ಹಾಕಿ" ಅಂದೆ. ಹಾಕಿದರು. ಮತ್ತೆ ಹಾಕಿ ಅಂದೆ.

ಮಿಷನ್ ಬಿದ್ದದ್ದೇ ನನಗೆ ಸಾಕಾಯಿತು. ಒಮ್ಮೆ ಗುಂಡಿಗೆ ಬಸ್ಸು ಹಾರಿ ಇವರು ಬಿದ್ದು ಹಲ್ಲು ಮುರಿದುಕೊಂಡಾಗಲೂ ಮಿಷನ್ ಎದೆಗೆ ಅವಚಿಕೊಂಡಿದ್ದವರು. ಆಕ್ಟಿಂಗ್ ಮಾಡಲು ಅದನ್ನು ಬೀಳಿಸುವ ಮನುಷ್ಯ ಅಲ್ಲ.

"ಇವ್ರು ಆಕ್ಟಿಂಗ್ ಮಾಡ್ತಾ ಇಲ್ಲ" ಅಂದೆ.

ಮೇಡಂ ಫೋನು ಕೆಳಗಿಳಿಸಿದರು. ಆಮೇಲೆ ಅಂದರು. "ನಮಗೆ ಹ್ಯಾಗೆ ಗೊತ್ತಾಗ್ಬೇಕಿತ್ತು ಹೇಳಿ? ದಿನಾ ಆಡಿ ತೋರ್ಸೋರು. ಅವತ್ತೂ ಹಂಗೇ ಅಂದ್ಕೊಂಡ್ವಿ. ಆಮೇಲೇ ಗೊತ್ತಾಗಿದ್ದು."

"ಗೊತ್ತಾದ್ಮೇಲೂ ಇದನ್ನ ಹಾಕಿದ್ರಾ?"

"ಅವರ ನೆನಪಿಗೆ ಅಂತ ಹಾಕಿದ್ದು. ಯಾರೋ ತಗೊಂಡು ಹಂಗೆ ಬರೆದ್ರು."

"ತೆಗೀರಿ."

"ಬಳಗದೋರ್ನೆಲ್ಲ ಕೇಳ್ಬೇಕು. ಭಾನುವಾರ ಸಭೇಲಿ ತೋರ್ಸೋ ಪ್ಲಾನ್ ಇದೆ. ಅದಾದ್ಮೇಲೆ ನೋಡಣ."

"ಎಂತ ಹೇಳ್ತಿದಾರೆ ಅದ್ರಲ್ಲಿ? ಬಾಯಿ ಅಲ್ಲಾಡ್ತಾ ಇದೆ."

"ಗೊತ್ತಾಗ್ಲಿಲ್ಲ ಗುತ್ಯಮ್ಮ. ಗಲಾಟೆ ಇತ್ತಲ್ಲ."

ತೃಪ್ತಿ ಆಗಲೇ ಅಂಗಳಕ್ಕೆ ಇಳಿದು ನಿಂತಿದ್ದಳು.

ಮರುದಿನ ಬಸ್ ಸ್ಟ್ಯಾಂಡಿಗೆ ಹೋಗಿ ರಾಜೇಂದ್ರನನ್ನು ಹಿಡಿದೆ.

"ನೀನೂ ಸುಳ್ಳು ಹೇಳ್ದೆ. ನೋವಾಗ್ಲಿಲ್ಲ ಅಂದೆ."

"ಅತ್ತಿಗೆ, ನಾ ರಸ್ತೆ ನೋಡ್ತಿದ್ದೆ. ಸ್ಟಾಪ್ ಬಂತು, ಸೀಟಿ ಬರ್ಲಿಲ್ಲ. ಕಾಂತಣ್ಣ ಎಲ್ಲಿ ಅಂತ ತಿರುಗಿ ನೋಡಿದ್ದು. ಅಷ್ಟೊತ್ತಿಗೆ..."

"ಎಂತ ಹೇಳಿದ್ರು ಕೊನೇಗೆ?"

"ನಂಗೆ ಕೇಳ್ಲಿಲ್ಲ, ದೇವರಾಣೆ. ನಾಗರಾಜಪ್ಪೋರು ಪಕ್ಕದಲ್ಲೇ ಇದ್ರು. ಅವ್ರು ಅವತ್ತಿಂದ ನಮ್ಮ ಬಸ್ಸು ಹತ್ತಿಲ್ಲ. ಸ್ಟ್ಯಾಂಡಲ್ಲಿ ಎದುರು ಸಿಕ್ರೆ ಅತ್ತ ತಿರುಗ್ತಾರೆ."

ನನಗೆ ಎರಡು ಬೇಕಿತ್ತು. ಆ ವಿಡಿಯೊ ಅಳಿಸಬೇಕು. ಕೊನೆಗೆ ಏನು ಹೇಳಿದರು ಅಂತ ಗೊತ್ತಾಗಬೇಕು. ಭಾನುವಾರ ಸಭೆಗೆ ಹೋದೆ.

ಹೊಸನಗರದ ಹಾಲ್ ತುಂಬಿತ್ತು. ಸಾಗರದಿಂದ, ತೀರ್ಥಹಳ್ಳಿಯಿಂದಲೂ ಬಂದಿದ್ದರು. ತಲೆ ಬೋಳಿಸಿಕೊಂಡವನು ಮುಂದಿನ ಸಾಲಿನಲ್ಲೇ ಕೂತಿದ್ದ. ವೇದಿಕೆ ಹಿಂದೆ ದೊಡ್ಡ ಫ್ಲೆಕ್ಸ್. 'ಮತ್ತೆ ಹುಟ್ಟಿ ಬಾ ಕೇತಯ್ಯ.' ಆಳೆತ್ತರದ ಮೀಸೆಯ ಮುಖ. ಮೂಲೆಯಲ್ಲಿ, ಫ್ಲೆಕ್ಸ್ ಪ್ರಿಂಟ್ ಮಾಡಿದ ಅಂಗಡಿಯ ಫೋನ್ ನಂಬರಿನ ಮೇಲೆ, ನಮ್ಮವರ ಮುಖ. ಅಂಗೈಯಷ್ಟು.

ಎದ್ದು ನಿಂತು ಮೌನ ಆಚರಿಸಿದರು. ಕೇತಯ್ಯನಿಗೆ. ಮೌನದಲ್ಲಿ ಬಿಕ್ಕುವುದು ಕೇಳಿಸಿತು. ಆಮೇಲೆ ಒಬ್ಬೊಬ್ಬರೇ ಮಾತಾಡಿದರು. ಬರೆದವನಿಗೆ ಕರುಣೆ ಇಲ್ಲವಂತೆ. ಒಳ್ಳೆಯವರನ್ನೇ ಯಾಕೆ ಸಾಯಿಸುತ್ತಾನಂತೆ. ಆಮೇಲೆ ನನ್ನನ್ನು ವೇದಿಕೆಗೆ ಕರೆದು ಕುರ್ಚಿಯಲ್ಲಿ ಕೂರಿಸಿದರು. ಶಾಲು ಹೊದಿಸಿದರು. ಹಣ್ಣಿನ ಬುಟ್ಟಿ ಮಡಿಲಿಗೆ ಇಟ್ಟರು. ಹಿಂದೆ ಪರದೆ ಬಿಟ್ಟು ವಿಡಿಯೊ ಹಾಕಲು ಲೈಟ್ ಆರಿಸಿದರು.

ನಾನು ಎದ್ದೆ. ಬುಟ್ಟಿ ಕೆಳಗಿಟ್ಟೆ. ಶಾಲು ತೆಗೆದು ಕುರ್ಚಿಗೆ ಹಾಕಿದೆ. ವಾಗ್ದೇವಿ ಮೇಡಂ ಕೈಯಿಂದ ಮೈಕ್ ತಗೊಂಡೆ.

"ಲೈಟ್ ಹಾಕಿ" ಅಂದೆ. ಹಾಕಿದರು.

"ಅದನ್ನ ಇಲ್ಲಿ ಹಾಕ್ಬೇಡಿ. ಅದು ನನ್ನ ಗಂಡ ಸಾಯ್ತಾ ಇರೋದು. ಆಕ್ಟಿಂಗ್ ಅಲ್ಲ. ನಿಮ್ಮ ಕೇತಯ್ಯ ಸತ್ತೋನು ಸಂಜೆ ಎದ್ದು ಮೀಸೆ ಕಿತ್ತು ಊಟ ಮಾಡಿರ್ತಾನೆ. ಇವ್ರು ಎದ್ದಿಲ್ಲ. ಅವತ್ತು ಬಸ್ಸಲ್ಲಿ ಇದ್ದೋರು ಈ ಹಾಲ್‌ನಲ್ಲೇ ಇದೀರಿ. ಎಲ್ರೂ ಬಂದು ನಂಗೆ ನೋವಾಗ್ಲಿಲ್ಲ ಅಂತ ಹೇಳಿದ್ರಿ. ಇವ್ರು ಮುಂದಿನ ಕಥೆ ಹೇಳಿಬಿಟ್ರು ಅಂತ ಬೇರೆ ಬರೆದಿದೀರಿ. ತೊಡದೇವು ಕೊಟ್ರೂ ಹೇಳ್ದೆ ಇದ್ದೋರು ಅವ್ರು. ನಿಮ್ಮ ನಿಮ್ಮ ಫೋನ್ ತೆಗೀರಿ. ಅಳ್ಸಿ."

ಯಾರೂ ಅಲ್ಲಾಡಲಿಲ್ಲ. ಹಿಂದಿನಿಂದ ಒಬ್ಬ ಎದ್ದು ಬಹಳ ಮರ್ಯಾದೆಯಿಂದ ಅಂದ. "ಅಮ್ಮಾ, ನಿಮ್ಮ ದುಃಖ ಅರ್ಥ ಆಗುತ್ತೆ. ಆದ್ರೆ ಅದು ಈಗ ಎಲ್ಲರ ಆಸ್ತಿ. ಅದ್ರಲ್ಲಿ ಒಂದು ಫೀಲ್ ಇದೆ."

ಫೀಲ್ ಇದೆಯಂತೆ.

ನನಗೆ ಆಗ ತಲೆಗೆ ಬಂತು. ಮೊದಲೇ ಯೋಚನೆ ಮಾಡಿ ಹೋಗಿದ್ದಲ್ಲ.

"ಐದು ಪುಸ್ತಕ ಇದೆ. ಟಿವೀಲಿ ಬಂದಿರೋದು ಎರಡು. ಐದೂ ನಂಗೆ ಬಾಯಲ್ಲಿದೆ. ಅಳ್ಸಲ್ಲ ಅಂದ್ರೆ ಮುಂದೆ ಯಾರ್ಯಾರು ಸಾಯ್ತಾರೆ, ಯಾರ ಕೈಲಿ ಸಾಯ್ತಾರೆ, ಇಲ್ಲೇ ಹೇಳ್ತೀನಿ. ಮೊದಲ್ನೇದು..."

ಹಾಲ್ ಎದ್ದು ನಿಂತಿತು. "ಅಯ್ಯೋ ಬೇಡ!" "ಅಮ್ಮಾ ಪ್ಲೀಸ್!" "ಮೈಕ್ ಆಫ್ ಮಾಡ್ರೋ!" ಒಬ್ಬಳು ಎರಡೂ ಕಿವಿ ಮುಚ್ಚಿಕೊಂಡು ಲಲಲ ಅಂತ ಹಾಡಿಕೊಂಡಳು. ತಲೆ ಬೋಳಿಸಿದವನು ಬಾಗಿಲಿಗೆ ಓಡಿದ. ಬಾಗಿಲಲ್ಲಿ ಡ್ರೈವರ್ ರಾಜೇಂದ್ರ ನಿಂತಿದ್ದ. ಕೈ ಅಡ್ಡ ಇಟ್ಟ. "ಅಳ್ಸಿ ಹೋಗು ಮಾರಾಯ" ಅಂದ.

ಅಳಿಸಿದರು. ಫೋನು ಎತ್ತಿ ತೋರಿಸಿದರು. "ನೋಡಿ ಅಮ್ಮಾ, ಇಲ್ಲ", "ನಂದ್ರಲ್ಲೂ ಇಲ್ಲ" ಅಂತ ಸ್ಕೂಲಿನ ಮಕ್ಕಳು ತೊಳೆದ ತಟ್ಟೆ ತೋರಿಸಿದ ಹಾಗೆ. ತೃಪ್ತಿ ವೇದಿಕೆಗೆ ಬಂದು ತಾನು ಹಾಕಿದ್ದನ್ನು ನನ್ನ ಎದುರೇ ತೆಗೆದಳು. ಅಳುತ್ತಿದ್ದಳು. "ಸಾರಿ ಆಂಟಿ" ಅಂದಳು. ಅಳಿಸುವುದು ಇಷ್ಟು ಸುಲಭ ಇತ್ತು.

ಸಿಟ್ಟು ಇಳಿಯಬೇಕಿತ್ತು. ಏರಿತು. ಒಬ್ಬ ಮನುಷ್ಯ ಸಾಯುವುದನ್ನು ಇಟ್ಟುಕೊಂಡು ನಗಬಾರದು ಅಂದಾಗ ಒಬ್ಬರೂ ಫೋನು ಮುಟ್ಟಲಿಲ್ಲ. ಕಥೆ ಹೇಳಿಬಿಡುತ್ತೇನೆ ಅಂದ ಕೂಡಲೇ ನಡುಗಿದರು. ಹಣ್ಣಿನ ಬುಟ್ಟಿ ಅಲ್ಲೇ ಬಿಟ್ಟು ಹೊರಗೆ ಬಂದೆ.

ಹಾಲ್‌ನ ಮೆಟ್ಟಿಲ ಕೆಳಗೆ ನಾಗರಾಜಪ್ಪ ನಿಂತಿದ್ದರು. ಒಳಗೆ ಬಂದಿರಲಿಲ್ಲ. ಕಂಕುಳಲ್ಲಿ ದಿನಾ ಬಸ್ಸಿಗೆ ತರುತ್ತಿದ್ದ ಕಪ್ಪು ಬ್ಯಾಗು. ಮುಖ ಇಳಿದು ಹೋಗಿತ್ತು.

"ತಂಗೀ, ಒಂದು ಮಾತು" ಅಂದರು.

"ನಂಗೂ ಒಂದು ಮಾತು ಕೇಳ್ಬೇಕಿತ್ತು. ಎಂತ ಹೇಳಿದ್ರು ಅವ್ರು?"

ಅವರು ರಸ್ತೆ ಕಡೆ ನೋಡಿದರು.

"ನೀರು ಅಂದ್ರು."

"ನೀರಾ?" ಅಂದೆ.

"'ನೀರು ಕೊಡಿ' ಅಂದ್ರು. ನಾನು ಕೇತಯ್ಯ ಕೇಳಿದ್ದು ಅಂದ್ಕೊಂಡೆ ತಂಗಿ. ಕೋಟೆ ಹೊರಗೆ ನೀರು ಸಿಗದೆ ಒದ್ದಾಡ್ತಿದ್ನಲ್ಲ ಸೀರಿಯಲ್ಲಲ್ಲಿ. ನಾನು ಸಿಂಗಯ್ಯ ಅಲ್ವಾ, ನನ್ನ ಮಾತು ಹೇಳ್ಬೇಕು ಅಂತ... 'ಒಳಗೆ ಬಾ ಅಣ್ಣಾ, ಕೊಡ್ತೀನಿ' ಅಂದೆ. ಎಲ್ರೂ ನಕ್ರು."

"ನಿಮ್ಮ ಹತ್ರ ನೀರು ಇತ್ತಾ?"

ಅವರು ಬ್ಯಾಗನ್ನು ಇನ್ನೂ ಒತ್ತಿ ಹಿಡಿದುಕೊಂಡರು. "ಬಾಟ್ಲಿ ಇದ್ರಲ್ಲೇ ಇತ್ತು."

ಇಷ್ಟು ದಿನ ನಾನು ತರಕಾರಿ ಹೆಚ್ಚುತ್ತಾ ಹೇಳಿಕೊಂಡದ್ದೆಲ್ಲ ಅಲ್ಲಿಗೆ ಮುಗಿಯಿತು. ನೋವಾಗಿತ್ತು. ಬಾಯಾರಿತ್ತು. ಕೇಳಿದ್ದರು. ಯಾವತ್ತೂ ಯಾರ ಹತ್ತಿರವೂ ಏನೂ ಕೇಳದ ಮನುಷ್ಯ, ನನ್ನ ತವರಿನಲ್ಲಿ ಬಾಯಾರಿದರೂ ನೀರು ಕೇಳದ ಮನುಷ್ಯ, ಕೇಳಿದ್ದರು.

"ಅವತ್ತಿಂದ ಆ ಬಸ್ಸು ಹತ್ತಿಲ್ಲ ನಾನು" ಅಂದರು ನಾಗರಾಜಪ್ಪ. "ನಿದ್ದೆ ಇಲ್ಲ. ಸೀರಿಯಲ್ ಒಂದೇ ಈಗ. ಆ ಮಗು ಸೋಮಲೆ ಮುಖ ನೋಡಿದ್ರೆ ಸ್ವಲ್ಪ ಸಮಾಧಾನ. ಅವಳಾದ್ರೂ ಉಳೀಲಿ ಅಂತ ಬೇಡ್ಕೊಳ್ತೀನಿ. ನನ್ನನ್ನ ಕ್ಷಮಿಸು ತಂಗಿ."

ವಯಸ್ಸಾದ ಮನುಷ್ಯ. ಕಣ್ಣಲ್ಲಿ ನೀರಿತ್ತು. ಬೇರೆ ಯಾರಾದರೂ ಆಗಿದ್ದರೆ ಹೋಗಲಿ ಬಿಡಿ ಅನ್ನುತ್ತಿದ್ದರೇನೋ.

"ಸೋಮಲೆ ಸಾಯ್ತಾಳೆ" ಅಂದೆ.

ಅವರು ಕೈ ಎತ್ತಿದರು, ಬೇಡ ಅನ್ನುವ ಹಾಗೆ.

"ಮೂರನೇ ಪುಸ್ತಕದಲ್ಲೇ ಸಾಯ್ತಾಳೆ. 'ಚಿಕ್ಕಪ್ಪಾ' ಅಂತ ನಂಬ್ಕೊಂಡು ಹತ್ರ ಬರ್ತಾಳೆ. ಕೊಲ್ಲೋನು ಸಿಂಗಯ್ಯ. ನಿಮ್ಮ ಸಿಂಗಯ್ಯನೇ."

ನಾಗರಾಜಪ್ಪ ಮೆಟ್ಟಿಲ ಮೇಲೆ ಕೂತುಬಿಟ್ಟರು. ಬ್ಯಾಗು ಮುಖಕ್ಕೆ ಒತ್ತಿಕೊಂಡರು. ನಾನು ಬಸ್ ಸ್ಟ್ಯಾಂಡಿನ ಕಡೆ ನಡೆದೆ.

ಆ ವಿಡಿಯೊ ಪೂರ್ತಿ ಹೋಗಿಲ್ಲ ಅಂತ ನನಗೆ ಗೊತ್ತು. ನಮ್ಮ ಮೂರು ಊರಿನ ಆಚೆಯೂ ಹೋಗಿದೆ. ಎಲ್ಲೋ ಯಾರೋ ಈಗಲೂ ನೋಡಿ ನಗುತ್ತಿರಬಹುದು. ಅವರೆಲ್ಲರಿಗೂ ಕಥೆ ಹೇಳಿ ಹೆದರಿಸಲು ನನ್ನಿಂದ ಆಗುವುದಿಲ್ಲ. ಅದಕ್ಕೇ ಇದನ್ನು ಬರೆದೆ.

ಮುಂದಿನ ಕಥೆ ಯಾರಿಗೂ ಹೇಳಬೇಡ ಅಂತ ನಮ್ಮವರು ಅಂದಿದ್ದರು. ಅಷ್ಟು ವರ್ಷ ಕಾದ ಮಾತನ್ನು ನಾನು ಮುರಿದೆ. ಅವರು ಒಪ್ಪುತ್ತಿರಲಿಲ್ಲ. ಚಪ್ಪಲಿ ತೆಗೆದು ಗೋಡೆಗೆ ಎಸೆಯುತ್ತಿದ್ದರು. ಎಸೆಯಲಿ. ಒಪ್ಪದಿದ್ದರೆ ಎದ್ದು ಬಂದು ಹೇಳಲಿ.